ಇವತ್ತಿನ ಪಾಠದ ಪಟ್ಟಿ ಎಲ್ಲಿ ಬರೆಯೋಣ: ಬೋರ್ಡಿನ ಮೂಲೆಯೋ, ದಿನದ ಸ್ಲೈಡೋ, ವಾರದ ಹಾಳೆಯೋ?

ಬೆಲ್ ಹೊಡೆದು ನೀವು ಹೈಸ್ಕೂಲಿನ ಯಾವುದೇ ಕ್ಲಾಸಿನ ಬಾಗಿಲು ದಾಟುವಷ್ಟರಲ್ಲೇ ಪ್ರಶ್ನೆಗಳು ಶುರು. “ಮಿಸ್, ಯಾವ ನೋಟ್‌ಬುಕ್?” “ಇವತ್ತು ಟೆಸ್ಟ್ ಇದ್ಯಾ ಮಿಸ್?” “ಹೊಸ ಪುಟ ತಗೊಳ್ಳೋದಾ, ಇದರಲ್ಲೇ ಬರಿಯೋದಾ?” ಒಬ್ಬೊಬ್ಬರಿಗೂ ಉತ್ತರ ಕೊಡಬೇಕು. ಹಾಜರಿ ಕರೆಯಬೇಕು. ನಿನ್ನೆ ಎಲ್ಲಿಗೆ ನಿಲ್ಲಿಸಿದ್ದೆವು ಎಂದು ಮುಂದಿನ ಬೆಂಚಿನವರ ಪುಸ್ತಕ ಇಸಿದುಕೊಂಡು ನೋಡಬೇಕು. ಪಾಠ ಹಿಡಿಯುವ ಹೊತ್ತಿಗೆ 40 ನಿಮಿಷದ ಪಿರಿಯಡ್‌ನಲ್ಲಿ ಏಳೆಂಟು ನಿಮಿಷ ಹೋಗಿರುತ್ತದೆ.

ಈ ಪ್ರಶ್ನೆಗಳಿಗೆಲ್ಲ ಒಂದೇ ಸಲ, ಬಾಯಿ ತೆರೆಯದೆ, ಕಣ್ಣಿಗೆ ಕಾಣುವಂತೆ ಉತ್ತರ ಕೊಡುವುದೇ ದಿನದ ಪಟ್ಟಿಯ ಕೆಲಸ. ಅಮೆರಿಕದ ಹೈಸ್ಕೂಲುಗಳಲ್ಲಿ ಇದನ್ನು ಸ್ಲೈಡ್ ಮಾಡಿ ಪರದೆಯ ಮೇಲೆ ಹಾಕುವುದು ತುಂಬ ಶಿಕ್ಷಕರ ರೂಢಿ. ನಮ್ಮಲ್ಲೂ ಸ್ಮಾರ್ಟ್ ಬೋರ್ಡ್ ಬಂದಿರುವ ಶಾಲೆಗಳಲ್ಲಿ ಇದನ್ನು ಮಾಡಿ ನೋಡುವ ಆಸೆ ಅನೇಕರಿಗಿದೆ. ಬಣ್ಣಬಣ್ಣದ ಸಿದ್ಧ ಟೆಂಪ್ಲೇಟುಗಳೂ ಬೇಕಾದಷ್ಟು ಸಿಗುತ್ತವೆ. ಆದರೆ ಸ್ಲೈಡ್ ಒಂದೇ ದಾರಿಯಲ್ಲ. ಬೋರ್ಡಿನ ಮೂಲೆ ಇದೆ, ವಾರಕ್ಕೊಂದು ಹಾಳೆ ಇದೆ, ಗೋಡೆಯ ಚಾರ್ಟ್ ಇದೆ, ವಾಟ್ಸಾಪ್ ಇದೆ.

ನನ್ನ ತೀರ್ಪು ಮೊದಲೇ ಹೇಳಿಬಿಡುತ್ತೇನೆ, ಒಪ್ಪುವುದು ಬಿಡುವುದು ನಿಮಗೆ ಬಿಟ್ಟಿದ್ದು. ನೀವು ಕ್ಲಾಸಿಂದ ಕ್ಲಾಸಿಗೆ ಓಡಾಡುವ ಶಿಕ್ಷಕರಾದರೆ ದಿನಕ್ಕೊಂದು ಸ್ಲೈಡ್ ನಿಮಗೆ ಒಗ್ಗುವುದಿಲ್ಲ. ವಾರಕ್ಕೊಂದು ಸ್ಲೈಡ್ ಮಾಡಿ, ದಿನದ್ದನ್ನು ಬೋರ್ಡಿನ ಮೂಲೆಯಲ್ಲಿ ಬರೆಯಿರಿ. ನಿಮ್ಮದೇ ಒಂದು ಕೋಣೆ ಇದ್ದರೆ ಮಾತ್ರ ದಿನದ ಸ್ಲೈಡ್ ಚೆನ್ನಾಗಿ ಕೆಲಸಕ್ಕೆ ಬರುತ್ತದೆ.

ಓಡಾಡುವವರು ಯಾರು?

ಇಡೀ ವಿಷಯ ನಿಂತಿರುವುದು ಈ ಒಂದು ಪ್ರಶ್ನೆಯ ಮೇಲೆ. ಅಮೆರಿಕದಲ್ಲಿ ಸಾಮಾನ್ಯವಾಗಿ ಹೈಸ್ಕೂಲ್ ಶಿಕ್ಷಕರು ಕೂತಲ್ಲೇ ಇರುತ್ತಾರೆ, ಮಕ್ಕಳು ಪ್ರತಿ ಪಿರಿಯಡ್‌ಗೂ ಕೋಣೆ ಬದಲಿಸುತ್ತಾರೆ. ಮಕ್ಕಳು ಬರುವ ಮೊದಲೇ ಶಿಕ್ಷಕರು ಸ್ಲೈಡ್ ಹಾಕಿ ಬಾಗಿಲ ಬಳಿ ನಿಂತಿರಬಹುದು. ಪ್ರೊಜೆಕ್ಟರ್ ಬೆಳಿಗ್ಗೆಯಿಂದ ಉರಿಯುತ್ತಲೇ ಇರುತ್ತದೆ. ಒಳಗೆ ಬರುವ ಮಗು ಪರದೆ ನೋಡುತ್ತದೆ, ಕೂರುತ್ತದೆ, ಬರೆಯಲು ಶುರು ಮಾಡುತ್ತದೆ.

ನಮ್ಮಲ್ಲಿ ಉಲ್ಟಾ. ಮಕ್ಕಳು ಕೂತಲ್ಲೇ ಇರುತ್ತಾರೆ, ನಾವು ಡಸ್ಟರ್, ಚಾಕ್‌ಪೀಸ್ ಡಬ್ಬ, ಹಾಜರಿ ಪುಸ್ತಕ ಹಿಡಿದು 8ಎ ಯಿಂದ 10ಬಿ ಗೆ ಓಡುತ್ತೇವೆ. ನಾವು ಹೋಗುವ ಹೊತ್ತಿಗೆ ಪರದೆಯ ಮೇಲೆ ಹಿಂದಿನ ಪಿರಿಯಡ್‌ನ ಸಮಾಜ ವಿಜ್ಞಾನದ ಮೇಷ್ಟ್ರ ಭೂಪಟ ಇನ್ನೂ ನಿಂತಿರುತ್ತದೆ. ಅವರ ಪೆನ್ ಡ್ರೈವ್ ತೆಗೆದು, ನಮ್ಮದು ಚುಚ್ಚಿ, ಫೋಲ್ಡರ್ ಹುಡುಕಿ, ಫೈಲ್ ತೆರೆದು ತೋರಿಸಲು ನಾಲ್ಕು ನಿಮಿಷ ಹಿಡಿಯಿತು ಅಂದುಕೊಳ್ಳಿ. 40 ನಿಮಿಷದಲ್ಲಿ ನಾಲ್ಕು ಎಂದರೆ ಹತ್ತನೇ ಒಂದು ಪಾಲು. ಸಮಯ ಉಳಿಸಲು ಮಾಡಿದ ಸ್ಲೈಡೇ ಸಮಯ ತಿಂದರೆ ಏನು ಬಂತು? ಆ ನಾಲ್ಕು ನಿಮಿಷ ನಾವು ಮಕ್ಕಳಿಗೆ ಬೆನ್ನು ಹಾಕಿ ನಿಂತಿರುತ್ತೇವೆ ಅನ್ನುವುದು ಬೇರೆ. ಹಿಂದಿನ ಬೆಂಚಿಗೆ ಅಷ್ಟು ಸಾಕು.

ಹಾಗಾಗಿ ಟೆಂಪ್ಲೇಟ್ ಹುಡುಕುವ ಮೊದಲು ಎರಡು ವಿಷಯ ನೋಡಿಕೊಳ್ಳಿ. ಬೆಲ್ ಹೊಡೆದಾಗ ನೀವು ಆಗಲೇ ಆ ಕೋಣೆಯಲ್ಲಿ ಇರುತ್ತೀರಾ? ಪರದೆ ಆಗಲೇ ಆನ್ ಆಗಿರುತ್ತದಾ? ಎರಡಕ್ಕೂ ಹೌದು ಎನ್ನುವವರು ನಮ್ಮಲ್ಲಿ ಕಡಿಮೆ: ವಿಜ್ಞಾನದ ಲ್ಯಾಬ್‌ನಲ್ಲಿ ಪಾಠ ಮಾಡುವವರು, ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುವವರು, ಟ್ಯೂಷನ್ ನಡೆಸುವವರು, ಬೆಳಗಿನ ಮೊದಲ ಪಿರಿಯಡ್ ಇರುವ ಕ್ಲಾಸ್ ಟೀಚರ್. ಅವರು ಸ್ಲೈಡಿನ ಭಾಗಕ್ಕೆ ನೇರ ಹೋಗಬಹುದು.

ಪಟ್ಟಿಯಲ್ಲಿ ಇರಬೇಕಾದ್ದು

ಎಲ್ಲಿ ಬರೆದರೂ ಒಳಗಿನ ಸರಕು ಒಂದೇ. ಹತ್ತನೇ ಕ್ಲಾಸಿನ ವಿದ್ಯುಚ್ಛಕ್ತಿ ಪಾಠದ ಒಂದು ದಿನ ತಗೊಳ್ಳಿ:

ವಿಜ್ಞಾನ, 10ಬಿ, ಮಂಗಳವಾರ
ಬಂದ ಕೂಡಲೇ: 12 ವೋಲ್ಟ್ ಬ್ಯಾಟರಿ, 4 ಓಮ್ ರೋಧಕ. ಪ್ರವಾಹ ಎಷ್ಟು? ಕ್ಲಾಸ್‌ವರ್ಕ್ ನೋಟ್‌ಬುಕ್, ಹೊಸ ಪುಟ.
ಇವತ್ತಿನ ಪ್ರಶ್ನೆ: ಎರಡು ಬಲ್ಬನ್ನು ಒಂದರ ಹಿಂದೆ ಒಂದು ಜೋಡಿಸಿದರೆ ಬೆಳಕು ಯಾಕೆ ಮಂಕಾಗುತ್ತದೆ?
ಮಾಡುವುದು: ಪ್ರಯೋಗ, ಸೂತ್ರ, ಎರಡು ಲೆಕ್ಕ.
ಮನೆಗೆ: 3 ಓಮ್, 6 ಓಮ್ ಸರಣಿಯಲ್ಲಿವೆ, ಬ್ಯಾಟರಿ 9 ವೋಲ್ಟ್. ಪ್ರವಾಹ ಎಷ್ಟು?
ನೆನಪಿರಲಿ: ಶುಕ್ರವಾರ ಎಫ್‌ಎ (ರೂಪಣಾತ್ಮಕ ಮೌಲ್ಯಮಾಪನ) ಚಟುವಟಿಕೆ, ಗ್ರಾಫ್ ಹಾಳೆ ತನ್ನಿ.

ಇಷ್ಟೇ. ಇದರಲ್ಲಿ ಹೆಚ್ಚು ಕೆಲಸ ಮಾಡುವುದು “ಬಂದ ಕೂಡಲೇ” ಅನ್ನುವ ಸಾಲು. ಅದು ನಿನ್ನೆಯ ಪಾಠದ್ದೇ ಆಗಿರಬೇಕು, ಸುಲಭವಾಗಿರಬೇಕು. ಓಮ್‌ನ ನಿಯಮ ಗೊತ್ತಿದ್ದವರು 12 ಅನ್ನು 4 ರಿಂದ ಭಾಗಿಸಿ 3 ಆಂಪಿಯರ್ ಎಂದು ಒಂದೇ ನಿಮಿಷದಲ್ಲಿ ಬರೆದು ತಲೆ ಎತ್ತುತ್ತಾರೆ. ಗೊತ್ತಿಲ್ಲದವರು ಪಕ್ಕದವರ ಪುಸ್ತಕ ನೋಡುತ್ತಾರೆ. ಹಾಜರಿ ಕರೆಯುತ್ತಲೇ ನಿಮಗೆ ಅದು ಕಾಣುತ್ತದೆ, ಇವತ್ತಿನ ಪಾಠ ಎಲ್ಲಿಂದ ಹಿಡಿಯಬೇಕು ಅನ್ನುವುದು ಅಲ್ಲೇ ಗೊತ್ತಾಗುತ್ತದೆ. ಅಮೆರಿಕದ ಶಿಕ್ಷಣ ಸಂಶೋಧಕ ಬರಾಕ್ ರೋಸೆನ್‌ಶೈನ್ 2012ರಲ್ಲಿ ಪ್ರಕಟಿಸಿದ ಬೋಧನೆಯ ಹತ್ತು ತತ್ವಗಳಲ್ಲಿ ಮೊದಲನೆಯದೇ ಇದು: ಹಿಂದಿನ ಪಾಠವನ್ನು ಚುಟುಕಾಗಿ ನೆನಪಿಸಿಕೊಂಡು ಶುರು ಮಾಡಿ. ಒಳ್ಳೆಯ ಶಿಕ್ಷಕರು ಇದಕ್ಕೆ 5ರಿಂದ 8 ನಿಮಿಷ ಕೊಡುತ್ತಿದ್ದರು ಎಂದು ಅವರು ಬರೆದಿದ್ದಾರೆ. ಹೇಗೂ ಕಳೆದುಹೋಗುವ ಏಳೆಂಟು ನಿಮಿಷವನ್ನೇ ಇದಕ್ಕೆ ತಿರುಗಿಸಿಕೊಳ್ಳಬಹುದು, ಅಲ್ವಾ?

“ಇವತ್ತಿನ ಪ್ರಶ್ನೆ” ಬಗ್ಗೆ ಒಂದು ಮಾತು. ಪಾಠ ಯೋಜನೆಯ ಪುಸ್ತಕದಲ್ಲಿ ನಾವು “ವಿದ್ಯಾರ್ಥಿಗಳು ಸರಣಿ ಜೋಡಣೆಯ ಒಟ್ಟು ರೋಧದ ಸೂತ್ರವನ್ನು ನಿರೂಪಿಸುವರು” ಎಂದು ಬರೆಯುತ್ತೇವೆ. ತಪಾಸಣೆಗೆ ಬರುವವರಿಗೆ ಅದು ಬೇಕು, ಬರೆಯಿರಿ. ಅದನ್ನೇ ಮಕ್ಕಳ ಮುಂದೆ ಹಾಕಿದರೆ ಯಾರೂ ಓದುವುದಿಲ್ಲ. ಬಲ್ಬ್ ಯಾಕೆ ಮಂಕಾಗುತ್ತದೆ ಎಂದು ಕೇಳಿದರೆ ಓದುತ್ತಾರೆ.

ಪ್ರತಿ ಕೆಲಸದ ಪಕ್ಕ ನಿಮಿಷ ಬರೆಯುವ ಅಭ್ಯಾಸ ನನಗಂತೂ ಹಿಡಿಸುವುದಿಲ್ಲ. “ಪ್ರಯೋಗ 12 ನಿಮಿಷ” ಎಂದು ಬರೆದ ದಿನವೇ ಬ್ಯಾಟರಿ ಸತ್ತಿರುತ್ತದೆ. ಮಕ್ಕಳೂ ಗಡಿಯಾರ ನೋಡಿಕೊಂಡು “ಮಿಸ್, ಟೈಮ್ ಆಯ್ತು” ಅನ್ನಲು ಶುರು ಮಾಡುತ್ತಾರೆ.

ಬೋರ್ಡಿನ ಮೂಲೆ

ನಮ್ಮ ಶಾಲೆಗಳಲ್ಲಿ ಇದು ಹೊಸದೇನಲ್ಲ. ಬೋರ್ಡಿನ ತಲೆಯ ಮೇಲೆ ಒಂದು ಶುಭನುಡಿ, ಮೂಲೆಯಲ್ಲಿ ದಿನಾಂಕ, ತರಗತಿ, ವಿಷಯ, ಕೆಳಗೆ “ಒಟ್ಟು 42, ಹಾಜರು 38”. ಕ್ಲಾಸ್ ಲೀಡರ್ ಬೆಳಿಗ್ಗೆ ಪ್ರಾರ್ಥನೆ ಮುಗಿದ ಕೂಡಲೇ ಬರೆದಿಡುತ್ತಾನೆ. ದಿನದ ಪಟ್ಟಿಗೆ ಬೇಕಾದ ಜಾಗ, ಅಭ್ಯಾಸ ಎರಡೂ ಆಗಲೇ ಇವೆ. ಅದನ್ನೇ ಸ್ವಲ್ಪ ಉದ್ದ ಮಾಡಿದರೆ ಆಯಿತು.

ಬೋರ್ಡಿನ ಎಡಗಡೆ ಒಂದೂವರೆ ಅಡಿ ಅಗಲಕ್ಕೆ ಮೇಲಿಂದ ಕೆಳಗೆ ಒಂದು ಗೆರೆ ಎಳೆಯಿರಿ. ಆ ಪಟ್ಟಿ ನಿಮ್ಮದು, ಪಿರಿಯಡ್ ಮುಗಿಯುವ ತನಕ ಅಳಿಸುವಂತಿಲ್ಲ. ನೀವೇ ಬರೆಯಬೇಕು ಎಂದೇನಿಲ್ಲ. ಒಂದು ಚೀಟಿಯಲ್ಲಿ ನಾಲ್ಕು ಸಾಲು ಬರೆದು ಇಂಟರ್‌ವಲ್‌ನಲ್ಲಿ ಲೀಡರ್ ಕೈಗೆ ಕೊಟ್ಟರೆ ನೀವು ಹೋಗುವ ಹೊತ್ತಿಗೆ ಬೋರ್ಡಿನ ಮೇಲಿರುತ್ತದೆ. ದುಂಡಗೆ ಬರೆಯುವ ಹುಡುಗಿಯರು, ಹುಡುಗರು ಪ್ರತಿ ಕ್ಲಾಸಿನಲ್ಲೂ ಇರುತ್ತಾರೆ, ವಾರಕ್ಕೊಬ್ಬರ ಪಾಳಿ ಹಾಕಿದರೆ ಪೈಪೋಟಿಯ ಮೇಲೆ ಬರೆಯುತ್ತಾರೆ. ಲೀಡರ್ ಕೈಯಿಂದ ಬರೆಸುವುದರಲ್ಲಿ ಇನ್ನೊಂದು ಲಾಭ: ನಿಮ್ಮ ಚೀಟಿ ಅವರಿಗೇ ಅರ್ಥವಾಗದಿದ್ದರೆ ಕ್ಲಾಸಿಗೂ ಅರ್ಥವಾಗುವುದಿಲ್ಲ ಎಂದು ಮೊದಲೇ ತಿಳಿಯುತ್ತದೆ.

ಬೋರ್ಡಿನ ದೊಡ್ಡ ಗುಣ, ಅದು ಇಡೀ ಪಿರಿಯಡ್ ಅಲ್ಲೇ ಇರುತ್ತದೆ. ನೀವು ವಿಡಿಯೋ ತೋರಿಸುತ್ತಿದ್ದರೂ, ಕರೆಂಟ್ ಹೋದರೂ, ಮಕ್ಕಳು ಗುಂಪಾಗಿ ಕೂತಿದ್ದರೂ ಮುಂದಿನ ಕೆಲಸ ಏನು ಎಂದು ಕತ್ತೆತ್ತಿ ನೋಡಿಕೊಳ್ಳಬಹುದು. ಮುಗಿದದ್ದಕ್ಕೆ ಟಿಕ್ ಹಾಕಬಹುದು. ಲೆಕ್ಕ ಎರಡಾಗಲ್ಲ, ಒಂದೇ ಸಾಕು ಅನ್ನಿಸಿದರೆ ಬೆರಳಲ್ಲಿ ಒರೆಸಿ ತಿದ್ದಬಹುದು.

ಕೊರತೆಯೂ ಇದೆ. ಬೆಲ್ ಹೊಡೆದರೆ ಮುಂದಿನ ಮೇಷ್ಟ್ರ ಡಸ್ಟರ್ ಬರುತ್ತದೆ, ಎಲ್ಲ ಮಾಯ. ಜಾತ್ರೆಗೋ ಸುಗ್ಗಿ ಕೆಲಸಕ್ಕೋ ಎರಡು ದಿನ ತಪ್ಪಿಸಿದ ಹುಡುಗ ಗುರುವಾರ ಬಂದು “ಏನೇನು ಆಗಿದೆ ಮಿಸ್?” ಎಂದರೆ ತೋರಿಸಲು ಏನೂ ಇಲ್ಲ. ಇನ್ನೊಂದು, ಗಣಿತದವರಿಗೆ ಈ ಒಂದೂವರೆ ಅಡಿ ತುಂಬ ದುಬಾರಿ. ಪ್ರಮೇಯದ ಚಿತ್ರ, ದತ್ತ, ಸಾಧನೀಯ, ಸಾಧನೆ ಎಲ್ಲ ಒಂದೇ ಬೋರ್ಡಿನಲ್ಲಿ ಕಾಣಬೇಕು, ಮಧ್ಯದಲ್ಲಿ ಅಳಿಸಿದರೆ ಕೆಟ್ಟಿತು. ಅವರು ಪಟ್ಟಿಯನ್ನು ಗೋಡೆಯ ಚಿಕ್ಕ ವೈಟ್ ಬೋರ್ಡಿಗೆ ಸಾಗಿಸುವುದು ಒಳ್ಳೆಯದು. ಭಾಷೆಯವರಿಗೆ, ಸಮಾಜದವರಿಗೆ ಈ ತಾಪತ್ರಯ ಇಲ್ಲ.

ದಿನಕ್ಕೊಂದು ಸ್ಲೈಡ್

ಸ್ಲೈಡಿನ ಸುಖ ಎರಡು ಕಡೆ. ಒಂದು, ಚಿತ್ರ. ಮೇಲೆ ಹೇಳಿದ ಎರಡು ಬಲ್ಬಿನ ವಿದ್ಯುತ್ ಮಂಡಲದ ಚಿತ್ರವನ್ನು ಬೋರ್ಡಿನಲ್ಲಿ ಬರೆಯುವ ಬದಲು ಪಠ್ಯಪುಸ್ತಕದಿಂದ ಫೋಟೋ ತೆಗೆದು ಹಾಕಿದರೆ ಮುಗಿಯಿತು. ಎರಡು, ದಾಖಲೆ. ಜೂನ್‌ನಿಂದ ಮಾಡುತ್ತ ಬಂದ ಸ್ಲೈಡುಗಳೆಲ್ಲ ಒಂದೇ ಫೈಲಿನಲ್ಲಿದ್ದರೆ ವರ್ಷದ ಪಾಠವೆಲ್ಲ ಕಣ್ಣ ಮುಂದೆ ಇರುತ್ತದೆ. ಮುಂದಿನ ವರ್ಷ ಅದನ್ನೇ ತಿದ್ದಿ ಬಳಸಬಹುದು. ಒಂದೇ ಪಾಠವನ್ನು 9ಎ, 9ಬಿ, 9ಸಿ ಮೂರಕ್ಕೂ ಮಾಡುವವರಿಗೆ ಒಂದು ಸ್ಲೈಡ್ ಮೂರು ಸಲ ದುಡಿಯುತ್ತದೆ.

ಈಗ ಖರ್ಚಿನ ಲೆಕ್ಕ. ಎಂಟು, ಒಂಬತ್ತು, ಹತ್ತು, ಮೂರೂ ಕ್ಲಾಸಿಗೆ ದಿನಾ ಪಾಠ ಇರುವ ಶಿಕ್ಷಕರಿಗೆ ಶನಿವಾರವೂ ಸೇರಿ ವಾರಕ್ಕೆ 18 ಸ್ಲೈಡ್. ಒಂದಕ್ಕೆ ಐದೇ ನಿಮಿಷ ಎಂದರೂ ಒಂದೂವರೆ ಗಂಟೆ. ಆ ಐದು ನಿಮಿಷ ಐದೇ ಆಗಿ ಉಳಿಯುವುದಿಲ್ಲ. ಹಿನ್ನೆಲೆಯ ಬಣ್ಣ, ಮೂಲೆಗೊಂದು ಕಾರ್ಟೂನ್, ಅಕ್ಷರ ಹಾರಿ ಬರುವ ಆಟ, ಹೀಗೇ ಬೆಳೆಯುತ್ತದೆ. ನವೆಂಬರ್ ಹೊತ್ತಿಗೆ ಉತ್ತರಪತ್ರಿಕೆಗಳ ಕಟ್ಟು ಮನೆಗೆ ಬಂದಾಗ ಮೊದಲು ನಿಲ್ಲುವುದು ಇದೇ. ನಡುವೆ ನಿಂತುಹೋಗುವ ಪದ್ಧತಿ ಮಕ್ಕಳಿಗೆ ಗೊಂದಲ. ಅದಕ್ಕಿಂತ ಶುರು ಮಾಡದಿರುವುದು ವಾಸಿ.

ಇನ್ನೊಂದು ತೊಂದರೆ ಇದೆ, ಟೆಂಪ್ಲೇಟ್ ಹಂಚುವವರು ಇದರ ಮಾತೇ ಎತ್ತುವುದಿಲ್ಲ. ಪರದೆ ಒಂದೇ. ಪಟ್ಟಿ ತೋರಿಸಿದ ಮೇಲೆ ಅದರ ಮೇಲೆ ವಿಡಿಯೋ ಬರಬೇಕು, ಸರ್ಕಾರದ ದೀಕ್ಷಾ ಜಾಲತಾಣದ ಪಾಠ ಬರಬೇಕು, ಚಿತ್ರ ಬರಬೇಕು. ಆಗ ಪಟ್ಟಿ ಮರೆಯಾಗುತ್ತದೆ. ಪಿರಿಯಡ್ ಕೊನೆಯಲ್ಲಿ ಮನೆಗೆಲಸ ಬರೆದುಕೊಳ್ಳಿ ಎನ್ನುವಾಗ ಮತ್ತೆ ಹುಡುಕಬೇಕು, ಅಷ್ಟರಲ್ಲಿ ಬೆಲ್. ದಿನದ ಸ್ಲೈಡ್ ಬಳಸುವವರು ಮನೆಗೆಲಸದ ಸಾಲನ್ನಾದರೂ ಬೋರ್ಡಿನಲ್ಲಿ ಬರೆದಿಡಿ. ಪ್ಯಾನೆಲ್, ಅಂದರೆ ಸ್ಮಾರ್ಟ್ ಬೋರ್ಡಿನ ಪರದೆ, ನಡುವೆ ಇದ್ದು ಎರಡೂ ಬದಿ ಹಸಿರು ಬೋರ್ಡ್ ಇರುವ ಕೋಣೆಗಳಲ್ಲಿ ಇದು ಸಲೀಸು.

ಕನ್ನಡದಲ್ಲಿ ಸ್ಲೈಡ್ ಮಾಡುವವರಿಗೆ ಅಕ್ಷರದ ಕಾಟ ಬೇರೆ. ಸ್ಟಾಫ್ ರೂಮಿನ ಕಂಪ್ಯೂಟರಿನಲ್ಲಿ ಹಳೆಯ ನುಡಿ ಫಾಂಟ್‌ನಲ್ಲಿ ಟೈಪ್ ಮಾಡಿದ್ದು ಆ ಫಾಂಟ್ ಇಲ್ಲದ ಪ್ಯಾನೆಲ್‌ನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿಯಾಗಿ ಕಾಣುತ್ತದೆ. ಯುನಿಕೋಡ್‌ನಲ್ಲೇ, ಅಂದರೆ ಎಲ್ಲ ಕಂಪ್ಯೂಟರಿಗೂ ಗುರುತು ಸಿಗುವ ಅಕ್ಷರ ಪದ್ಧತಿಯಲ್ಲೇ, ಟೈಪ್ ಮಾಡಿ. ವಿಂಡೋಸ್‌ನ ನಿರ್ಮಲಾ ಅಥವಾ ತುಂಗಾ ನಡೆಯುತ್ತದೆ, ಗೂಗಲ್ ಸ್ಲೈಡ್ಸ್‌ನಲ್ಲಾದರೆ ನೋಟೋ ಸಾನ್ಸ್ ಕನ್ನಡ, ಬಾಲೂ ತಮ್ಮ ಸಿಗುತ್ತವೆ. ಬಾಲೂ ತಮ್ಮ ದಪ್ಪ ಅಕ್ಷರ, ದೂರದಿಂದ ಓದಲು ಒಳ್ಳೆಯದು. ಯುನಿಕೋಡ್ ಆದರೂ ಕೆಲವು ಪ್ಯಾನೆಲ್‌ಗಳ ಒಳಗಿನ ಆಂಡ್ರಾಯ್ಡ್ ಆಪ್‌ಗಳಲ್ಲಿ ಒತ್ತಕ್ಷರ ಪಕ್ಕಕ್ಕೆ ಜಾರುವುದುಂಟು. ಇದಕ್ಕೆ ಗಟ್ಟಿ ಪರಿಹಾರ ಒಂದೇ: ಸ್ಲೈಡನ್ನು ಚಿತ್ರವಾಗಿ, ಅಂದರೆ ಜೆಪಿಜಿ ಅಥವಾ ಪಿಎನ್‌ಜಿ ಆಗಿ, ಉಳಿಸಿಕೊಂಡು ಪೆನ್ ಡ್ರೈವ್‌ಗೆ ಹಾಕಿ. ಚಿತ್ರಕ್ಕೆ ಯಾವ ಫಾಂಟೂ ಬೇಡ, ತೆರೆಯಲು ಒಂದೇ ತಟ್ಟು. ಪವರ್‌ಪಾಯಿಂಟ್, ಗೂಗಲ್ ಸ್ಲೈಡ್ಸ್ ಎರಡರಲ್ಲೂ ಇದು ಆಗುತ್ತದೆ.

ಅಕ್ಷರದ ಗಾತ್ರಕ್ಕೆ ಪುಸ್ತಕದ ಸೂತ್ರ ಹುಡುಕಬೇಡಿ. ಸ್ಲೈಡ್ ಹಾಕಿ, ಹಿಂದಿನ ಬೆಂಚಿನಲ್ಲಿ ಹೋಗಿ ಕೂತು ಓದಿ, ಕಿಟಕಿ ತೆರೆದಿರುವಾಗ. ಕನ್ನಡಕ್ಕೆ ಇಂಗ್ಲಿಷಿಗಿಂತ ಜಾಸ್ತಿ ಜಾಗ ಬೇಕು, ಯಾಕೆಂದರೆ ಒತ್ತಕ್ಷರ ಕೆಳಗಿನ ಸಾಲಿನ ತಲೆಗೆ ತಾಗುತ್ತದೆ. 32ಕ್ಕಿಂತ ಕಡಿಮೆ ಇಟ್ಟು, ಸಾಲುಗಳ ನಡುವೆ ಜಾಗ ಬಿಡದೆ ಹೋದರೆ ಹಿಂದಿನವರು ಊಹೆಯ ಮೇಲೆ ಓದುತ್ತಾರೆ. ಬಿಸಿಲು ಬೀಳುವ ಕೋಣೆಯಲ್ಲಿ ಪ್ರೊಜೆಕ್ಟರ್ ಆದರೆ ಬಿಳಿ ಹಿನ್ನೆಲೆ, ಕಪ್ಪು ಅಕ್ಷರ. ತಿಳಿ ಹಳದಿ, ತಿಳಿ ನೀಲಿ ಎಲ್ಲ ಲ್ಯಾಪ್‌ಟಾಪಿನಲ್ಲಿ ಮಾತ್ರ ಚಂದ.

ಸಲಕರಣೆ ಯಾವುದು ಎಂದು ಕೇಳುವವರಿಗೆ: ಶಾಲೆಯಲ್ಲಿ ಇಂಟರ್‌ನೆಟ್ ನಂಬುವಂತಿಲ್ಲದಿದ್ದರೆ ಪವರ್‌ಪಾಯಿಂಟ್. ಮನೆ, ಮೊಬೈಲ್, ಶಾಲೆ ಮೂರು ಕಡೆ ತಿದ್ದುವವರಿಗೆ ಗೂಗಲ್ ಸ್ಲೈಡ್ಸ್. ಮೊಬೈಲಿನಲ್ಲಿ ಗೂಗಲ್‌ನ ಕೀಬೋರ್ಡ್ ಆಪ್ ಜಿಬೋರ್ಡ್ ಇದ್ದರೆ ಕನ್ನಡದಲ್ಲಿ ಮಾತಾಡಿಯೇ ಟೈಪ್ ಮಾಡಿಸಬಹುದು, ಬಸ್ಸಿನಲ್ಲಿ ಬರುವಾಗಲೂ ಆಗುತ್ತದೆ. ಕ್ಯಾನ್ವಾ ಚಂದ ಕಾಣುತ್ತದೆ, ಅದೇ ಅದರ ತೊಂದರೆಯೂ ಹೌದು. ಚಂದ ಮಾಡುತ್ತ ಕೂರುವಂತಾಗುತ್ತದೆ.

ಸಣ್ಣ ಸಣ್ಣ ವಿಷಯ ಕೆಲವು. ಹೊಸ ದಿನದ ಸ್ಲೈಡನ್ನು ಫೈಲಿನ ಕೊನೆಗೆ ಹಾಕದೆ ಮೊದಲಿಗೆ ಹಾಕಿ, ತೆರೆದ ಕೂಡಲೇ ಇವತ್ತಿನದೇ ಕಾಣುತ್ತದೆ. ಸ್ಲೈಡ್ ಓಡುತ್ತಿರುವಾಗ ಕೀಬೋರ್ಡಿನ ‘ಬಿ’ ಒತ್ತಿದರೆ ಪರದೆ ಕಪ್ಪಾಗುತ್ತದೆ, ಮತ್ತೆ ಒತ್ತಿದರೆ ಬರುತ್ತದೆ. ಪವರ್‌ಪಾಯಿಂಟ್, ಗೂಗಲ್ ಸ್ಲೈಡ್ಸ್ ಎರಡರಲ್ಲೂ. ಮಕ್ಕಳ ಕಣ್ಣು ನಿಮ್ಮ ಕಡೆ ಬೇಕಾದಾಗ ಇದಕ್ಕಿಂತ ಒಳ್ಳೆಯ ಉಪಾಯ ಇಲ್ಲ. ಮೊಬೈಲಿಂದ ಪರದೆಗೆ ಹಾಕುವವರು ನೋಟಿಫಿಕೇಶನ್ ನಿಲ್ಲಿಸಿಯೇ ಹಾಕಿ, ನಿಮ್ಮ ಫ್ಯಾಮಿಲಿ ಗ್ರೂಪಿನ ಗುಡ್ ಮಾರ್ನಿಂಗ್ ಹೂವು 42 ಮಕ್ಕಳಿಗೆ ಬೇಕಾಗಿಲ್ಲ. ಮನೆಗೆಲಸ ಕೊಡದವರ ಹೆಸರನ್ನು ಸ್ಲೈಡಿನಲ್ಲಿ ಹಾಕಬೇಡಿ. ಬೋರ್ಡಿನಲ್ಲೂ ಬೇಡ.

ವಾರಕ್ಕೊಂದು ಸ್ಲೈಡ್, ಅದೇ ಒಂದು ಹಾಳೆ

ನನ್ನ ಮಟ್ಟಿಗೆ ಹೆಚ್ಚಿನವರಿಗೆ ಸರಿಹೊಂದುವುದು ಇದು. ಒಂದು ಕ್ಲಾಸಿಗೆ ವಾರಕ್ಕೆ ಒಂದೇ ಸ್ಲೈಡ್. ಅದರಲ್ಲಿ ಐದಾರು ಸಾಲು, ಒಂದು ಸಾಲಿಗೆ ಒಂದು ಪಿರಿಯಡ್: ಇವತ್ತಿನ ಪ್ರಶ್ನೆ, ಮನೆಗೆಲಸ, ತರಬೇಕಾದ್ದು. ಮೂರು ಕ್ಲಾಸಿಗೆ ಮೂರು ಸ್ಲೈಡ್, ಒಂದಕ್ಕೆ ಹತ್ತು ನಿಮಿಷ ಹಿಡಿದರೂ ಶನಿವಾರ ಮಧ್ಯಾಹ್ನ ಅರ್ಧ ಗಂಟೆಯಲ್ಲಿ ಮುಗಿಯುತ್ತದೆ. ಅದನ್ನೇ ಎ4 ಹಾಳೆಯಲ್ಲಿ ಪ್ರಿಂಟ್ ತೆಗೆದು ಬಾಗಿಲ ಪಕ್ಕ ಅಂಟಿಸಿ. ಸೋಮವಾರ ಮಾತ್ರ ಪರದೆಯ ಮೇಲೆ ಹಾಕಿ ಎರಡು ನಿಮಿಷ ಮಾತಾಡಿ.

ಇದರಲ್ಲಿ ಒಂದು ಗುಟ್ಟಿದೆ. ಸಾಲುಗಳಿಗೆ ಸೋಮವಾರ, ಮಂಗಳವಾರ ಎಂದು ಹೆಸರಿಡಬೇಡಿ. ಪಾಠ 1, ಪಾಠ 2, ಪಾಠ 3 ಎಂದು ಬರೆಯಿರಿ. ನಮ್ಮ ಶಾಲೆಗಳ ವಾರ ಹೇಗಿರುತ್ತದೆ ನಿಮಗೇ ಗೊತ್ತು. ಬುಧವಾರ ಪ್ರತಿಭಾ ಕಾರಂಜಿಯ ತಯಾರಿ ಅಂತ ಅರ್ಧ ಕ್ಲಾಸ್ ಹೊರಗೆ, ಗುರುವಾರ ಮಳೆಗೆ ರಜೆ, ಶುಕ್ರವಾರ ಹೆಚ್ಚೆಮ್ ಕರೆದ ಮೀಟಿಂಗ್. ವಾರದ ಹೆಸರು ಬರೆದಿದ್ದರೆ ಮೂರನೇ ದಿನವೇ ಹಾಳೆ ಸುಳ್ಳಾಗುತ್ತದೆ, ಮಕ್ಕಳು ಅದನ್ನು ನೋಡುವುದು ಬಿಡುತ್ತಾರೆ. ನಂಬರ್ ಬರೆದಿದ್ದರೆ ಪಾಠ 3 ಬುಧವಾರದ ಬದಲು ಶನಿವಾರ ಆಯಿತು, ಅಷ್ಟೇ. ಬೋರ್ಡಿನ ಮೂಲೆಯಲ್ಲಿ “ಇವತ್ತು: ಪಾಠ 3” ಎಂದು ಬರೆದರೆ ಎರಡೂ ಕೊಂಡಿ ಬೀಳುತ್ತವೆ. ಟೆಸ್ಟ್, ಎಫ್‌ಎ ಚಟುವಟಿಕೆಗೆ ಮಾತ್ರ ತಾರೀಖು ಹಾಕಿ.

ಎರಡು ದಿನ ಕ್ಲಾಸ್ ತಪ್ಪಿಸಿ ಬಂದ ಹುಡುಗನಿಗೆ ಈಗ ಉತ್ತರ ಇದೆ: ಬಾಗಿಲ ಪಕ್ಕ ನೋಡು, ಪಾಠ 2 ಮತ್ತು 3. ನೀವು ರಜೆ ಹಾಕಿದ ದಿನ ನಿಮ್ಮ ಪಿರಿಯಡ್‌ಗೆ ಬರುವ ಬೇರೆ ವಿಷಯದ ಶಿಕ್ಷಕರಿಗೂ ಇದು ಅನುಕೂಲ. ಸುಮ್ನೆ ಕೂತು ಓದಿಕೊಳ್ಳಿ ಅನ್ನುವ ಬದಲು ಪಾಠ 4ರ ಲೆಕ್ಕ ಮಾಡಿಸಬಹುದು.

ವಾರದ ಹಾಳೆಯಲ್ಲಿ “ಬಂದ ಕೂಡಲೇ” ಪ್ರಶ್ನೆ ಹಾಕಬೇಡಿ. ಅದು ನಿನ್ನೆ ಏನು ಅರ್ಥವಾಗಲಿಲ್ಲ ಎಂಬುದರ ಮೇಲೆ ನಿಂತಿರುತ್ತದೆ, ಶನಿವಾರ ಕೂತು ಮುಂದಿನ ಗುರುವಾರದ ನಿನ್ನೆಯನ್ನು ಊಹಿಸಲು ಆಗುವುದಿಲ್ಲ. ಜೊತೆಗೆ, ಮೊದಲೇ ಕಂಡರೆ ಉತ್ತರ ಮನೆಯಿಂದಲೇ ಬರೆದು ತರುವವರು ಇದ್ದೇ ಇರುತ್ತಾರೆ. ಅದಕ್ಕೆ ಬೋರ್ಡಿನ ಮೂಲೆಯೇ ಸರಿ.

ಉಳಿದವು

ಗೋಡೆಯ ಚಾರ್ಟ್: ಬದಲಾಗದ ವಿಷಯಕ್ಕೆ ಮಾತ್ರ. ಯಾವ ವಾರ ಯಾವ ನೋಟ್‌ಬುಕ್ ತಪಾಸಣೆ, ಹೊಸ ಪುಟ ಯಾವಾಗ, ಮಾರ್ಜಿನ್ ಎಷ್ಟು. ಒಮ್ಮೆ ಬರೆದು ಅಂಟಿಸಿದರೆ ದಿನದ ಪಟ್ಟಿಯಿಂದ ಅಷ್ಟು ಸಾಲು ಕಡಿಮೆ.

ವಾಟ್ಸಾಪ್ ಗ್ರೂಪ್: ಮನೆಗೆಲಸ ಅಪ್ಪ ಅಮ್ಮನಿಗೆ ತಿಳಿಸಲು ಆದೀತು, ಕ್ಲಾಸನ್ನು ಶಿಸ್ತಾಗಿ ನಡೆಸಲು ಇದರಿಂದ ಏನೂ ಆಗದು. ಫೋನ್ ಇರುವುದು ಅಪ್ಪನ ಹತ್ತಿರ, ಅಪ್ಪ ಮನೆಗೆ ಬರುವುದು ರಾತ್ರಿ ಒಂಬತ್ತಕ್ಕೆ. ಆಮೇಲೆ “ಮಿಸ್ ಮೆಸೇಜ್ ಹಾಕಿಲ್ಲ, ಅದಕ್ಕೆ ಮಾಡಿಲ್ಲ” ಎಂಬ ಹೊಸ ನೆಪ ಹುಟ್ಟುತ್ತದೆ. ವಾರದ ಹಾಳೆಯ ಫೋಟೋ ಸೋಮವಾರ ಒಮ್ಮೆ ಹಾಕಿದರೆ ಸಾಕು. ಗೂಗಲ್ ಕ್ಲಾಸ್‌ರೂಮ್ ಮಕ್ಕಳೆಲ್ಲರ ಕೈಯಲ್ಲಿ ಲ್ಯಾಪ್‌ಟಾಪ್ ಇರುವ ಶಾಲೆಗಳಿಗೆ ಸರಿ, ಬೇರೆ ಕಡೆ ಶಿಕ್ಷಕರಿಗೆ ಇನ್ನೊಂದು ಕೆಲಸ.

ಹಾಗಾದರೆ ನಿಮಗೆ ಯಾವುದು?

ಕೋಣೆಗೆ ಪರದೆಯೇ ಇಲ್ಲ, ಇಡೀ ಶಾಲೆಗೆ ಒಂದು ಸ್ಮಾರ್ಟ್ ಕ್ಲಾಸ್ ಕೋಣೆ ಅನ್ನುವ ಕಡೆ ಯೋಚನೆ ಮಾಡಬೇಕಾದ್ದೇ ಇಲ್ಲ. ಬೋರ್ಡಿನ ಮೂಲೆ, ಜೊತೆಗೆ ಕೈಯಲ್ಲಿ ಬರೆದ ವಾರದ ಹಾಳೆ. ಇದಕ್ಕಾಗಿ ಲಕ್ಷದ ಆಸುಪಾಸಿನ ಪ್ಯಾನೆಲ್ ಬೇಕು ಎಂದು ದಾನಿಗಳ ಬಳಿ ಕೇಳುವುದು ನನ್ನ ಪ್ರಕಾರ ದುಂದು. ಪ್ಯಾನೆಲ್ ಕೇಳಲು ಬೇರೆ ಒಳ್ಳೆಯ ಕಾರಣಗಳಿವೆ.

ಪ್ರತಿ ಕೋಣೆಯಲ್ಲೂ ಪ್ಯಾನೆಲ್ ಇದೆ, ಆದರೆ ಶಿಕ್ಷಕರು ಓಡಾಡುತ್ತಾರೆ ಅನ್ನುವ ಶಾಲೆಗಳಲ್ಲಿ ಒಂದು ಹಂಚಿಕೆ ಚೆನ್ನಾಗಿ ನಡೆಯುತ್ತದೆ. ಕ್ಲಾಸ್ ಟೀಚರ್ ಬೆಳಿಗ್ಗೆ ಇಡೀ ದಿನಕ್ಕೆ ಒಂದೇ ಸ್ಲೈಡ್ ಹಾಕುವುದು: ಯಾವ ಪಿರಿಯಡ್ ಯಾವ ವಿಷಯ, ಎಲ್ಲಿ ಟೆಸ್ಟ್, ಏನು ತಂದಿರಬೇಕು. ವಿಷಯ ಶಿಕ್ಷಕರು ತಮ್ಮ ನಾಲ್ಕು ಸಾಲನ್ನು ಬೋರ್ಡಿನಲ್ಲಿ ಬರೆಯುವುದು. ಎಂಟು ಜನ ಎಂಟು ಬಗೆಯ ಸ್ಲೈಡ್ ಹಾಕಿ ಮಕ್ಕಳು ಪ್ರತಿ 40 ನಿಮಿಷಕ್ಕೊಮ್ಮೆ ಹೊಸ ವಿನ್ಯಾಸ ಓದುವುದಕ್ಕಿಂತ ಇದು ಸಾವಿರ ಪಾಲು ಮೇಲು.

ಲ್ಯಾಬ್ ಅಥವಾ ಸ್ವಂತ ಕೋಣೆ ಇರುವವರು ಧೈರ್ಯವಾಗಿ ದಿನದ ಸ್ಲೈಡ್ ಮಾಡಿ. ಪ್ರಯೋಗದ ದಿನ ಯಾವ ಗುಂಪು ಯಾವ ಮೇಜು, ಯಾವ ಉಪಕರಣ ಮುಟ್ಟಬಾರದು ಎಂಬುದನ್ನು ಚಿತ್ರದ ಸಮೇತ ಬಾಗಿಲಲ್ಲೇ ತೋರಿಸಬಹುದು. ಓದಲು ಹಿಂದಿರುವ ಮಕ್ಕಳಿಗೂ, ಕಿವಿ ಸರಿಯಾಗಿ ಕೇಳದ ಮಗುವಿಗೂ ಚಿತ್ರ ದೊಡ್ಡ ಆಸರೆ.

ಹತ್ತನೇ ಕ್ಲಾಸಿನವರಿಗೆ ಜನವರಿಯ ನಂತರದ ಮಾತು ಬೇರೆ. ಪುನರಾವರ್ತನೆಯ ತಿಂಗಳುಗಳಲ್ಲಿ ದಿನದ ಸ್ಲೈಡ್ ಮಾಡಿದರೆ ಶ್ರಮ ವ್ಯರ್ಥವಾಗುವುದಿಲ್ಲ: ಒಂದು ಪಾಠ, ಆ ಪಾಠದಿಂದ ಬರುವ ಬಗೆಯ ನಾಲ್ಕು ಪ್ರಶ್ನೆ, ಒಂದು ಚಿತ್ರ. ಎಸ್ಸೆಸ್ಸೆಲ್ಸಿಗೆ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆ ಇರುವುದರಿಂದ, ಮೊದಲನೆಯದರಲ್ಲಿ ವಿಜ್ಞಾನವೋ ಗಣಿತವೋ ಬಾಕಿ ಉಳಿಸಿಕೊಂಡು ವಿಶೇಷ ತರಗತಿಗೆ ಬರುವ ಮಕ್ಕಳಿಗೆ ಅದೇ ಫೈಲನ್ನು ಪಿಡಿಎಫ್ ಮಾಡಿ ಕೊಡಬಹುದು. ಎಲ್ಲಿಂದ ಶುರು ಮಾಡಬೇಕು ಎಂದು ಅವರಿಗೂ ನಿಮಗೂ ತಲೆಬಿಸಿ ಇರುವುದಿಲ್ಲ.

ಶುರು ಮಾಡುವಾಗ

ಜೂನ್ ಮೊದಲ ವಾರದಲ್ಲಿ ಬೇಡ. ಆಗ ಹಿಂದಿನ ವರ್ಷದ ಪಾಠ ನೆನಪಿಸುವ ಸೇತುಬಂಧ ನಡೆಯುತ್ತಿರುತ್ತದೆ, ವೇಳಾಪಟ್ಟಿ ದಿನಕ್ಕೊಮ್ಮೆ ಬದಲಾಗುತ್ತದೆ, ಹೊಸ ಮಕ್ಕಳು ಸೇರುತ್ತಲೇ ಇರುತ್ತಾರೆ. ವೇಳಾಪಟ್ಟಿ ಗಟ್ಟಿಯಾದ ಮೇಲೆ ಒಂದೇ ಒಂದು ಸೆಕ್ಷನ್ ಆರಿಸಿಕೊಳ್ಳಿ, ಅದೂ ಜಾಸ್ತಿ ಗಲಾಟೆಯದ್ದನ್ನೇ. ಶಾಂತವಾಗಿರುವ ಕ್ಲಾಸಿನಲ್ಲಿ ಏನು ಮಾಡಿದರೂ ನಡೆಯುತ್ತದೆ, ಪದ್ಧತಿ ಕೆಲಸ ಮಾಡುತ್ತಿದೆಯೋ ಇಲ್ಲವೋ ತಿಳಿಯುವುದಿಲ್ಲ.

ಮೊದಲ ದಿನವೇ ಒಂದು ವಿಷಯ ಸ್ಪಷ್ಟವಾಗಿ ಹೇಳಿ: ಪಟ್ಟಿಯನ್ನು ಬರೆದುಕೊಳ್ಳಬೇಡಿ, ಮನೆಗೆಲಸದ ಸಾಲು ಮಾತ್ರ ಡೈರಿಗೆ. ಹೇಳದಿದ್ದರೆ ಬೋರ್ಡಿನ ಮೇಲೆ ಕಂಡದ್ದನ್ನೆಲ್ಲ ಮಕ್ಕಳು ಅಚ್ಚುಕಟ್ಟಾಗಿ ನೋಟ್‌ಬುಕ್ಕಿಗೆ ಇಳಿಸಿ, ಕೆಂಪು ಪೆನ್ನಿನಲ್ಲಿ ಅಡಿಗೆರೆಯನ್ನೂ ಎಳೆದಿರುತ್ತಾರೆ. ಆಮೇಲೆ “ಯಾವ ನೋಟ್‌ಬುಕ್” ಎಂದು ಯಾರಾದರೂ ಕೇಳಿದರೆ ಬಾಯಲ್ಲಿ ಉತ್ತರ ಕೊಡಬೇಡಿ, ಬೋರ್ಡಿನ ಕಡೆ ಕೈ ತೋರಿಸಿ. ಒಂದು ಸಲ ಬಾಯಲ್ಲಿ ಹೇಳಿದಿರೋ, ಮರುದಿನದಿಂದ ಯಾರೂ ಬೋರ್ಡ್ ಓದುವುದಿಲ್ಲ. ದಸರಾ ರಜೆಯವರೆಗೆ ಆ ಒಂದು ಸೆಕ್ಷನ್‌ನಲ್ಲಿ ನಡೆಸಿ. ರಜೆ ಮುಗಿದು ಬಂದ ಮೇಲೆ ಉಳಿದ ಸೆಕ್ಷನ್‌ಗಳಿಗೂ ಹಾಳೆ ಅಂಟಿಸಿ.